ಕಣ್ಣು ಬೀಳುವ ಬೆಟ್ಟ

ತಳೇಗಾಂವದ ಕಾರ್ಖಾನಿಗೆ ಬಂದ ಕೊರಿಯಾದ ಎಂಜಿನಿಯರ,
ಅವನ ತಾಯಿ. ಹೆಸರು ಓ ಮಾಲ್ಸುನ್.
ಮಗನಿಗೆ ರಜಾ ಇಲ್ಲ.
ಹದಿನೆಂಟು ದಿನ ಎಲ್ಲಿ ಬೇಕಲ್ಲಿ ತಿರುಗಿಸಿ ತಾ ಅಂತ
ಮುಂಗಡ ಕೊಟ್ಟು ಪಾಳಿಗೆ ಹೋದ.

ಅಕಿಗೆ ನನ್ನ ಮರಾಠಿ ತಿಳೀದು, ಹಿಂದಿ ತಿಳೀದು.
ಫೋನಿನ ಪಟ್ಟಿ ಜಾರಿಸಿ ನನ್ನ ಮುಂದ ಹಿಡದ್ಳು,
ನಿಂದು ಯಾವುದು, ಅನ್ನೂಹಂಗ.
ಪುಣೆಕ ಬಂದು ಇಪ್ಪತ್ತೊಂದು ವರ್ಷ,
ಇದನ್ನ ಯಾರೂ ಕೇಳಿರಲಿಲ್ಲ.
ಇಂಡಿ ತಾಲೂಕಿನ ಬೆರಳು
ಹುಡುಕ್ಯಾಡಿ ಕನ್ನಡದ ಮ್ಯಾಲ ಹೋಗಿ ಕುಂತಿತು.

ಆಮ್ಯಾಲ ಫೋನು ಬಾಯಿ ಬಿಟ್ಟಿತು,
ಇಸ್ತ್ರಿ ಹಾಕಿದ ಕನ್ನಡ:
"ಮಾನ್ಯರೇ, ದಯವಿಟ್ಟು ನಿಧಾನವಾಗಿ ಚಲಿಸಿ."
ಹುಟ್ಟಿದಾಗಿಂದ ನಂಗ ಯಾರಂದಿದ್ರು, ಮಾನ್ಯರೇ ಅಂತ?
ಗಾಡಿ ತಾನ ನಿಧಾನ ಆತು.

ಕಾಮಶೇತದ ಚಹಾದಂಗಡಿಯಾಗ ಫೋಟೋ ತೋರಿಸಿದ್ಳು.
ಊರ ನಡುವ ಹಸರು ದಿಬ್ಬ, ಅದರ ಮಗ್ಗಲಿಗೆ ಇನ್ನೊಂದು,
ತುಂಬಿದ ಬಸುರಿನ ಮ್ಯಾಲ ಹುಲ್ಲು ಬೆಳದಂಗ.
"ಇವು ಅರಸರ ಸಮಾಧಿಗಳು. ನನ್ನ ಶಾಲೆ ಇದರ ಹಿಂದೆ ಇತ್ತು.
ನಾವು ಅರಸನ ಮೇಲಿಂದ ಜಾರುತ್ತಿದ್ದೆವು."
ಹೆಂಗ ಅಂತ ಕೈಯಲ್ಲೇ ತೋರಿಸಿದ್ಳು, ಕುಂಡಿ ಕೆಳಗ ಅಕ್ಕಿ ಚೀಲ.
ಇನ್ನೊಂದು ಫೋಟೋ, ಚೂಪನ್ನ ಬೆಟ್ಟ, ಕೆಂಪು ಎಲಿ.
"ಈ ಬೆಟ್ಟದಲ್ಲಿ ಡಿಸೆಂಬರ್ ತಿಂಗಳು ಕಣ್ಣು ಬೀಳುತ್ತದೆ.
ರಾತ್ರಿಯಿಡೀ ಸದ್ದಿಲ್ಲದೆ ಕಣ್ಣು ಬೀಳುತ್ತದೆ.
ಬೆಳಿಗ್ಗೆ ಬಾಗಿಲು ತೆರೆದರೆ ಮೊಣಕಾಲಿನವರೆಗೆ ಕಣ್ಣು."

ನಾ ಚಹಾ ಕೆಳಗಿಟ್ಟೆ.
ನಮ್ಮ ಕಡಿ ಕಣ್ಣು ಬಿದ್ರ
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕ್ತಾರ.
ಇವರೂರಾಗ ಎಷ್ಟು ಮೆಣಸಿನಕಾಯಿ ಬೇಕು!
ಅಕಿ ಬೆರಳು ಜಾರಿಸಿದ್ಳು. ಅದ ಬೆಟ್ಟ, ಪೂರಾ ಬೆಳ್ಳಗ.
ಹಿಮ ಮುಟ್ಟಿ "ನೂನ್" ಅಂದ್ಳು,
ತನ್ನ ರೆಪ್ಪಿ ಮುಟ್ಟಿ "ನೂನ್".
ಎರಡಕ್ಕೂ ಒಂದ ಹೆಸರು.

ಕಾರ್ಲಾದ ಮೆಟ್ಟಲ.
ಅವತ್ತು ವರ್ಸೋವಾದ ಕೋಳಿ ಮಂದಿ
ಏಕವೀರಾ ಆಯಿಗೆ ಹುಂಜ ತಂದಿದ್ರು, ಬ್ಯಾಂಡು ತಂದಿದ್ರು.
ಅಕಿ ಎದುರಾದವರಿಗೆಲ್ಲಾ ಬಾಗಿ ಬಾಗಿ
ಹುಂಜಕ್ಕೂ ಒಂದು ಸಲ ಬಾಗಿದ್ಳು.

ಗವಿಯಾಗ ಬ್ಯಾಂಡು ದೂರ ಆತು.
ಮ್ಯಾಲ ನೋಡಿದ್ರ ಎರಡು ಸಾವಿರ ವರ್ಷದ ಕಟಗಿ ಪಕ್ಕೆಲುಬು,
ಮೀನಿನ ಹೊಟ್ಟಿ ಒಳಗ ನಿಂತಂಗ.
ಅಕಿ ಊರಾಗೂ ಒಂದು ಕಲ್ಲಗುಮ್ಮಟ ಅದನಂತ,
ಒಳಗಿನ ಬುದ್ಧ ಮೂಡಲ ಸಮುದ್ರದ ಕಡೀ ಕುಂತಾನಂತ.
"ಈಗ ನಮಗೂ ಅವನಿಗೂ ನಡುವೆ ಗಾಜು.
ಇಲ್ಲಿ ಗಾಜು ಇಲ್ಲ," ಅಂತ
ಕಂಬ ಒಂದೊಂದ ಮುಟ್ಟಿಕೋತ ಹೋದ್ಳು,
ತರಕಾರಿ ಆರಿಸಿದಂಗ.

ಗೋಡಿ ಮ್ಯಾಗಿನ ಅಕ್ಷರ ತೋರಿಸಿ ಗೈಡು ಅಂದ:
ಈ ಕಲ್ಲಮನಿ ಮಾಡಿಸಿದಾಂವ ವೈಜಯಂತಿಯ ಸೆಟ್ಟಿ.
ಅದೆಲ್ಲಿ ಬರ್ತದ?
"ಬನವಾಸಿ. ತುಮ್ಚ್ಯಾ ಕಡೆ."
ಎಷ್ಟು ಗಿರಾಕಿ ತಂದಿದ್ದೆ ಇಲ್ಲಿಗೆ,
ಕೆಳಗ ಪಾರ್ಕಿಂಗಿನ್ಯಾಗ ಸೀಟು ಚಾಚಿ ಮಲಗಿದ್ದೆ.
ಅಕಿ ಸೆರಗಿಲ್ಲದ ಅಂಗಿಯಾಕಿ, ನನ್ನ ಮಾರಿ ನೋಡಿ
ಫೋನು ಹಿಡದ್ಳು, ಏನಾತು ಅಂತ.
ಹೇಳಾಕ ಹೋದೆ. "ನಮ್ಮೂರಾಂವ," ಅಂದೆ. ಅಷ್ಟ.
ಬನವಾಸಿ ನಮ್ಮೂರಿಂದ ಒಂದು ದಿನದ ಹಾದಿ, ಆದ್ರೂ ಅಂದೆ.

ಇಳಿಯೂ ಮುಂದ ಮೆಟ್ಟಲ ಅಂಚಿಗೆ ಕುಂತು
ಕಲ್ಲ ಮ್ಯಾಲ ಕಲ್ಲು ಇಟ್ಟಳು, ನಾಕು,
ಕಣ್ಣು ಮುಚ್ಚಿದ್ಳು.
ಏನು ಬೇಡಿಕೊಂಡ್ರಿ?
"ಹೇಳಿದರೆ ಬೀಳುತ್ತದೆ."
ಐದನೇದು ನನ್ನ ಅಂಗೈಯಾಗ ಇಟ್ಟಳು.
ನಾ ಏನು ಕೇಳಬೇಕು ತಿಳೀಲಿಲ್ಲ, ಕಿಸೆಕ ಹಾಕ್ಕೊಂಡೆ.

ಅಕಿ ಹೋಗಿ ಎರಡು ತಿಂಗಳ ಮ್ಯಾಲ, ನಸಿಕಿನ್ಯಾಗ,
ಏರ್‌ಪೋರ್ಟಿಗೆ ಗಿರಾಕಿ ಬಿಟ್ಟು ಬರಿ ಗಾಡಿ ತಗೊಂಡು
ಖಂಡಾಳಾ ಘಾಟಿನ್ಯಾಗ ನಿಂತೆ. ಮುಂದಿನ ಲಾರಿ ಕಾಣವಲ್ದು.
ಫೋನು ತಗದು ಅಂದೆ: "ಮಂಜು ಬಿದ್ದದ."
ಅದು ಕೊರಿಯಾದ ಮಾತಿನ್ಯಾಗ ಹೇಳಿತು, ಯಾರಿಗೋ.
ಕಿವಿಗೊಟ್ಟು ನೂನ್ ಹುಡುಕಿದೆ. ಇರಲಿಲ್ಲ.
ನಮ್ಮ ಮಂಜು ಬ್ಯಾರೆ ಇರಬೇಕು.

ಕಲ್ಲು ಗೇರಿನ ಬಾಜೂಕ, ಚಿಲ್ಲರಿ ರೊಕ್ಕದ ಜೋಡಿ ಅದ.
ಇನ್ನೂ ಏನೂ ಕೇಳಿಲ್ಲ.