ಸಾವಿರದ ಎಂಟುನೂರು ಕಿಲೋ

ಬೆಳಿಗ್ಗೆ ಏಳಕ್ಕೆ ಆಂಗ್ಲೆಸಿಯ ಗಾಳಿ
ಕಾರಿನ ಬಾಗಿಲನ್ನು ನನ್ನ ಕೈಯಿಂದ ಕಸಿಯಿತು.
ಆಚೆ ಸಮುದ್ರ, ಈಚೆ ವೇಲ್ಸಿನ ಬೆಟ್ಟಸಾಲು,
ನಡುವೆ ಯಾರೋ ಬಿಚ್ಚಿ ಎಸೆದ ಬೆಲ್ಟಿನ ಹಾಗೆ ಡಾಂಬರು.

ಸಾಲಿನಲ್ಲಿ ನಿಂತವೆಲ್ಲ ಚಪ್ಪಟೆ, ಹಗುರ,
ಟ್ರೇಲರಿನ ಮೇಲೆ ಮಲಗಿಕೊಂಡು ಬಂದವು.
ನಮ್ಮದು ಮಾತ್ರ ನಾಲ್ಕು ಬಾಗಿಲಿನದು,
ಬೂದು ಬಣ್ಣ, ಎಂಟು ಸಿಲಿಂಡರು,
ಹಿಂದಿನ ಗಾಜಿಗೆ ಈಜುಶಾಲೆಯ ಸ್ಟಿಕ್ಕರು.

ಇದ್ವಲ್ ಮಗಳ ಸೀಟು ಬಿಚ್ಚಿ ಹುಲ್ಲಿನ ಮೇಲಿಟ್ಟ.
ಸ್ಟೆಪ್ನಿ, ಜಾಕು, ಮೂರು ಛತ್ರಿ, ನಾಯಿಯ ಕಂಬಳಿ.
‘ಐವತ್ತು ಕಿಲೋ ಇಳೀತು’ ಅಂದ ಹೆಮ್ಮೆಯಿಂದ.
ಆನೆಯ ಮೈಮೇಲಿನ ನೊಣ ಹಾರಿಸಿದೆ, ಅಂದೆ.

ತಪಾಸಣೆಯ ಮುದುಕ ಟಿದಿರ್
ಇಂಜಿನ್ ನೋಡಿ ಶಿಳ್ಳೆ ಹೊಡೆದ.
ಆಮೇಲೆ ಬಗ್ಗಿ ಬ್ರೇಕು ನೋಡಿದ,
ಏನೂ ಹೇಳಲಿಲ್ಲ.
ಅವನು ಹೇಳದ್ದು ನನಗೆ ಕೇಳಿಸಿದ್ದು ಮೂರನೆಯ ಸುತ್ತಿನಲ್ಲಿ.

ನೇರ ದಾರಿಯಲ್ಲಿ ಈ ಕಾರು ಚೆನ್ನಾಗಿ ಸುಳ್ಳು ಹೇಳುತ್ತದೆ.
ನಾನು ಹಗುರ, ನನಗೆ ಮನೆಯಿಲ್ಲ ಮಠವಿಲ್ಲ ಎನ್ನುತ್ತದೆ.
ಬೆನ್ನು ಸೀಟಿಗೆ ಅಂಟಿ, ನಾನೂ ನಂಬುತ್ತೇನೆ.
ತಿರುವು ಬಂತೋ, ಎತ್ತು ಏರಿಗೆಳೆದರೆ ಕೋಣ ನೀರಿಗೆ:
ಸ್ಟಿಯರಿಂಗು ಒಳಗೆ, ಮೂಗು ಸಮುದ್ರಕ್ಕೆ.
ತುಂಬಿದ ಕೊಡ ತುಳುಕುವುದಿಲ್ಲವಂತೆ.
ಈ ಕೊಡ ತುಳುಕುತ್ತದೆ.
ಬ್ರೇಕೊತ್ತಿದರೆ ಮುಂದಕ್ಕೆ, ಬಿಟ್ಟರೆ ಹಿಂದಕ್ಕೆ,
ತಿರುಗಿಸಿದರೆ ಹೊರಬದಿಯ ಒಂದೇ ಚಕ್ರದ ತಲೆಯ ಮೇಲೆ
ಇಡೀ ಸಂಸಾರ.

ನೂರಾ ಹದಿನೈದು ಮೈಲಿ. ಬ್ರೇಕು.
ಪೆಡಲು ಬೆಣ್ಣೆ.
ಇನ್ನೊಮ್ಮೆ ಒತ್ತಿದೆ, ಬೆಣ್ಣೆ ಕರಗಿ ತುಪ್ಪ.
ಆಗಲೇ ಸೀಟಿನ ಅಡಿಯಿಂದ ಗಡಗಡ ಉರುಳುತ್ತ
ಏನೋ ಬಂದು ನನ್ನ ಹಿಮ್ಮಡಿಗೆ ತಾಗಿತು.
ಕೆಳಗೆ ನೋಡುವ ಪುರುಸೊತ್ತಿಲ್ಲ.
ಕೆಲಸವಿಲ್ಲದ ಎಡಗಾಲು ಅದನ್ನು ಒದ್ದು ಮೂಲೆಗೆ ತಳ್ಳಿತು,
ಕಾರು ನನ್ನನ್ನು ಹುಲ್ಲಿಗೆ ತಳ್ಳಿತು.
ಉದ್ದಕ್ಕೆ ಜಾರಿ, ಹಸಿ ಮಣ್ಣು ಕಿತ್ತು,
ಟೈರಿನ ಗೋಡೆಗೆ ಹತ್ತು ಮಾರು ಇರುವಾಗ
ನಿಂತೆವು, ಅದೂ ನಾನೂ.

ಬಗ್ಗಿ ನೋಡಿದೆ.
ಪೀಚ್ ಹಣ್ಣಿನ ಡಬ್ಬಿ.

ಡಿಸೆಂಬರಿನಲ್ಲಿ, ಅತ್ತೆ ಊಟಕ್ಕೆ ಬರುವ ದಿನ,
ತಂದಿದ್ದೇನೆ ಅಂದಿದ್ದ. ತಂದಿಲ್ಲ ಅಂದಿದ್ದೆ.
ಬಿಲ್ ತೋರಿಸಿದ. ಬಿಲ್ಲನ್ನೇನು ಬಡಿಸಲೇ, ಅಂದಿದ್ದೆ.
ಹಣ್ಣಿಲ್ಲದ ಕಸ್ಟರ್ಡು ತಿಂದು
ಅವರಮ್ಮ ಏನೂ ಅನ್ನಲಿಲ್ಲ, ಅದೇ ಹೆಚ್ಚಾಯಿತು.
ಎರಡು ದಿನ ಮನೆಯಲ್ಲಿ ನಾಯಿಯೊಂದೇ ಮಾತಾಡಿದ್ದು.

ಬ್ರೇಕು ಮುಟ್ಟದೆ ಒಂದು ಸುತ್ತು ಮೆಲ್ಲಗೆ ಬಂದೆ,
ಕಾದದ್ದು ಗಾಳಿಗೆ ಆರಲಿ ಎಂದು.
ಹ್ಯಾಂಡ್‌ಬ್ರೇಕ್ ಹಾಕಬೇಡ, ಎಂದು ಟಿದಿರ್ ಓಡಿ ಬಂದು
ಚಕ್ರದಡಿ ಮರದ ತುಂಡು ಇಟ್ಟ.
ಡಿಸ್ಕುಗಳು ಟಿಕ್ ಟಿಕ್ ಅನ್ನುತ್ತಿದ್ದವು.
ಸುಟ್ಟ ಕಬ್ಬಿಣ, ಸುಟ್ಟ ರಬ್ಬರು, ಉಪ್ಪು ಗಾಳಿ.
‘ಬೇಗ ಓಡೋಕೆ ದುಡ್ಡು ಸಾಕು, ಹುಡುಗಿ,’ ಅಂದ,
‘ನಿಲ್ಲೋಕೆ ಬೇರೆ ಬ್ರೇಕು ಬೇಕು.’
ನನಗೆ ನಲವತ್ತಾರು. ಹುಡುಗಿ ಅಂದದ್ದು ಹಿಡಿಸಿತು.

ಇದ್ವಲ್ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.
ಮುಖದಲ್ಲಿ ನಗು ಬರುವುದಕ್ಕೆ ಮೊದಲೇ
ಮುಚ್ಚಳದ ಉಂಗುರ ಹಿಡಿದು ಎಳೆದೆ.
ಮಗಳ ಸೀಟಿನ ಪಕ್ಕ, ಹುಲ್ಲಿನ ಮೇಲೆ ಕೂತು
ಸ್ಪಾನರುಗಳ ನಡುವೆ ಸಿಕ್ಕ ಒಂದೇ ಚಮಚದಲ್ಲಿ
ಸರದಿಯಂತೆ ತಿಂದೆವು.
ಎರಡು ಹೋಳು ಅವನಿಗೆ ಹೆಚ್ಚು ಹೋದವು.
ನಾನು ಬಿಲ್ ಕೇಳಲಿಲ್ಲ.

ಸಂಜೆ ಎಲ್ಲವನ್ನೂ ಮತ್ತೆ ತುಂಬಿದೆವು,
ಛತ್ರಿ, ಕಂಬಳಿ, ಐವತ್ತು ಕಿಲೋ.
ಈಜು ಮುಗಿಸಿ ಒದ್ದೆ ತಲೆಯಲ್ಲಿ ಹತ್ತಿದ ಮಾಬ್ಲಿ
‘ಏನಿದು ವಾಸನೆ?’ ಎಂದು ಮೂಗು ಮುಚ್ಚಿದಳು.
ಹಣ್ಣು, ಅಂದ ಅವಳಪ್ಪ.

ಸೇತುವೆಯ ಮೇಲೆ ಮೂವತ್ತರಲ್ಲೇ ಹೋದೆ.
ಹಿಂದಿನ ವ್ಯಾನಿನವನು ಹಾರ್ನ್ ಹೊಡೆದೇ ಹೊಡೆದ.