ಹನ್ನೊಂದು ಲೋಡು

ವರ್ಕಾಡಿಯ ಒಳದಾರಿಗೆ
ಹನ್ನೊಂದು ಲೋಡು ಕೆಂಪು ಮಣ್ಣು
ಸುರಿದದ್ದು ನಾನೇ.
ಲೋಡಿಗೆ ಸಾವಿರ, ಮಾಸ್ಕು ಅವರದ್ದೇ.

ಹೆದ್ದಾರಿಯಲ್ಲಿ ಕೋಳಿ ಲಾರಿಗೆ ಪಾಸಿತ್ತು.
ಬೀಡಿ ಕಟ್ಟುವ ನೆಬೀಸಳಿಗೆ
ಮಂಗಳವಾರ, ಶುಕ್ರವಾರ
ಮಂಗಳೂರಲ್ಲಿ ರಕ್ತ ತೊಳೆಯಬೇಕಿತ್ತು.
ಆಂಬುಲೆನ್ಸು ದಿಬ್ಬದ ಬುಡ ಮುಟ್ಟಿ
ಹಿಂದೆ ಹಿಂದೆ ಸರಿಯಿತು,
ಬೀಪ್ ಬೀಪ್ ಎನ್ನುತ್ತ.
ನನ್ನ ಟಿಪ್ಪರಿನದೂ ಅದೇ ಸದ್ದು.

ಮುಂದಿನ ಶುಕ್ರವಾರ ಅವಳಿಗೆ ಬರಲಿಲ್ಲ.

ಅದೇ ಮಣ್ಣು ಎತ್ತಿ ಸಾಗಿಸಲು
ಮತ್ತೆ ನನಗೇ ಫೋನು.
ಎರಡನೆಯ ಬಿಲ್ಲೂ ಪಾಸಾಯಿತು,
ಗಾಡಿಯ ಕಂತು ತೀರಿತು.
ಮಣ್ಣನ್ನು ಯಾರೋ ಹಿತ್ತಿಲಿಗೆ ಕೇಳಿ ಹಾಕಿಸಿಕೊಂಡರು;
ಈಗಲ್ಲಿ ಬಸಳೆ ಚಪ್ಪರ.

ನೆಬೀಸಳ ಮಗ ಖಲಂದರ್
ದಾರಿಯಲ್ಲಿ ಸಿಕ್ಕಿದರೆ ಇವತ್ತಿಗೂ
‘ಊಟ ಆಯ್ತಾ ಅಣ್ಣಾ’ ಅನ್ನುತ್ತಾನೆ.
ಒಮ್ಮೆ ಬೈದಿದ್ದರೆ
ಗಂಟಲಲ್ಲಿ ಇಳಿಯುತ್ತಿತ್ತೇನೋ.