ಬೆರಳಚ್ಚು

ಗದಗ ತಹಶೀಲ್ದಾರ ಕಚೇರಿ ಮುಂದ
ಬೇವಿನಗಿಡದ ಬುಡಕ ನನ್ನ ಮಶಿನ್ನು.
‘ಳ’ದ ಕಡ್ಡಿ ಸೊಟ್ಟ,
ಯಾರ ಅರ್ಜಿ ಇದ್ದರೂ ‘ಳ’ ಒಂದು ಮೆಟ್ಟಲಾ ಕೆಳಗ.

ಮೂರರ ಬಿಸಲಾಗ ಬೆಟಗೇರಿಯಿಂದ ಬಂದಳು ಆಕಿ,
ಕಾಲಾಗ ಗಂಡಸರ ಚಪ್ಪಲಿ.
“ಕಲಾವಿದರ ಮಾಸಾಶನ ಅಂತಲ್ಲ, ಬರಿಯಪ್ಪ.”

ಹೆಸರು?
“ಯಾವುದು? ಅವ್ವ ಇಟ್ಟದ್ದು ಫಕೀರವ್ವ,
ಕಂಪನ್ಯಾಗ ಪುಷ್ಪಾ, ಮದ್ರಾಸದಾಗ ಇಂದುಪ್ರಭಾ.”
ರೇಶನ್ ಕಾರ್ಡಿನ್ಯಾಗ?
“ಫಕೀರವ್ವ.”

ತಂದಿ ಹೆಸರು?
ಬೇವಿನ ತಪ್ಪಲಾ ನೋಡಿದಳು.
“ಪೇಟಿ ಮಾಸ್ತರ ಅಂತ ಬರಿ.”
ನಾ ಒಂದು ಗೀಟು ಎಳದೆ.

“ಮುಳಗುಂದದ ಕ್ಯಾಂಪಿನ್ಯಾಗ ನಾ ಲವ,
ಕುಶ ಆಗೂ ಹುಡುಗ ಜ್ವರ ಬಂದು ಹ್ವಾದ.
ನಾಕು ರಾತ್ರಿ ಇಬ್ಬರದೂ ನಾನ ಆಡಿದೆ,
ಈ ಕಡೆ ನಿಂತು ಒಂದು ಮಾತು,
ಆ ಕಡೆ ಓಡಿ ಅದಕ್ಕ ಉತ್ತರ.”

ನಾ ಬಡದೆ:
‘ಬಾಲ್ಯದಿಂದಲೂ ರಂಗಭೂಮಿಯಲ್ಲಿ ಸೇವೆ ಸಲ್ಲಿಸಿರುತ್ತೇನೆ.’

“ಮದ್ರಾಸದಾಗ ಹನ್ನೊಂದು ಪಿಚ್ಚರ್, ಐದರಾಗ ನಾಯಕಿ.
ದೀಪದ ಝಳಕ್ಕ ಬಣ್ಣ ಕರಗಿ ಕೊಳ್ಳಾಗ ಇಳೀತಿತ್ತು.
ಮಾರಿ ಛಲೋ ಐತಿ, ಮಾತು ಒರಟು ಅಂದ್ರು,
ಮೈಕಿನ್ಯಾಗ ಮೆಣಸಿನಕಾಯಿ ಘಾಟು ಬರತೈತಿ ಅಂತ ನಕ್ಕರು.
ಮೈಸೂರ ಕಡೆ ಹೆಣ್ಣಮಗಳೊಬ್ಬಾಕಿ
ನನ್ನ ಬಾಯಾಗ ಮಾತು ತುಂಬಿದಳು.
ಛಲೋ ಹುಡುಗಿ ಪಾಪ, ಬಸರಿದ್ದಳು,
ನಾ ಅಳೂ ಸೀನಿಗೆ ಆಕಿ ಖರೇನ ಅತ್ತಳು.

ಇಲ್ಲೇ ಟಾಕೀಸಿನ್ಯಾಗ ಅವ್ವ ನೆಲಕ್ಕ ಕುಂತು ನೋಡಿ
ಮಧ್ಯಂತರಕ್ಕ ಎದ್ದು ಬಂದಳು.
‘ಅದು ನನ್ನ ಮಗಳಲ್ಲ’ ಅಂದಳು.”

ನಾ ಬಡದೆ:
‘ಹನ್ನೊಂದು ಚಲನಚಿತ್ರಗಳಲ್ಲಿ ಅಭಿನಯಿಸಿರುತ್ತೇನೆ.’

ಪುರಾವೆ?
“ರೀಲು ಕುದಿಸಿ ಬೆಳ್ಳಿ ತಗದ್ರಂತ.
ಒಂದು ಡಬ್ಬಿ ಉಳದೈತಿ. ಹಪ್ಪಳ ಇಡತೀನಿ ಅದರಾಗ.”

ಕಡೀಕ ಓದಿ ಹೇಳಬೇಕು, ನಿಯಮ ಹಂಗೈತಿ.
‘ಸದರಿ ಅರ್ಜಿದಾರಳಾದ ನಾನು
ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ…’
ಆಕಿ ಗದ್ದ ಎತ್ತಿದಳು.
ಬೆನ್ನು ನೆಟ್ಟಗಾತು.
ನನ್ನ ಒಂದೊಂದು ಅಕ್ಷರಕ್ಕೂ ತುಟಿ ಕೂಡಿಸಿದಳು,
ಸದ್ದಿಲ್ಲದ,
ಒಂದ ಕಡೆನೂ ತಪ್ಪಲಿಲ್ಲ.
ವಕೀಲರ ಗುಮಾಸ್ತ ಚಾ ಕುಡಿಯೂದು ಬಿಟ್ಟು ನೋಡಿದ.

ನನಗ ನಾಚಿಕಿ ಬಂತು, ಓದೂದು ನಿಂದರಿಸಿದೆ.
ಆಕಿ ತುಟಿ ಮಾತ್ರ ಒಂದು ಸಾಲು ಮುಂದ ಹೋಗಿ ನಿಂತವು.
ಆ ಸಾಲು ಅರ್ಜ್ಯಾಗ ಇರಲಿಲ್ಲ.

ಮಸಿ ಹಚ್ಚಿದ ಹೆಬ್ಬೆಟ್ಟು ಒತ್ತೂದಕ್ಕಿಂತ ಮೊದಲ
ಹಾಳಿ ಕಣ್ಣಿನ ಹತ್ರ ಹಿಡದು
‘ಅರ್ಜಿದಾರಳು’ ಅನ್ನೂದರ ಮ್ಯಾಲ ಬೆರಳು ಆಡಿಸಿದಳು,
ಜಾರಿದ ‘ಳ’ದ ಹಂತೇಲಿ ತಡದಳು.
“ಇದೊಂದು ನೋಡಪ್ಪ, ನಾ ಮಾತಾಡಿದಂಗೈತಿ.”

ಸೆರಗಿನ ಗಂಟು ಬಿಚ್ಚಿ
ಐದು ರೂಪಾಯಿ ಎಣಿಸಿ ಇಟ್ಟಳು,
ಎಲ್ಲಾ ಚಿಲ್ಲರ.